ನಾಲ್ಕನೆಯ ಮೂಲೆಯ ದ್ರಾಕ್ಷಿ

ಆ ನೂಲನ್ನು ಬೋಡಿ ಪೇಟೆಯಿಂದ ತಂದವಳು ನಾನೇ. ಆರು ಲಡಿ. ಕಪ್ಪುದ್ರಾಕ್ಷಿಯ ಬಣ್ಣ, ಬೆಳಕಿಗೆ ಹಿಡಿದರೆ ಒಳಗೆ ಸ್ವಲ್ಪ ಕೆಂಪು ಕಾಣುವಂಥದ್ದು. ಅಂಗಡಿಯವರು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಡುವಾಗ ಏನು ಹೇಳಿದರು, ಅದಕ್ಕೆ ನಾನು ಏನೆಂದೆ, ಎರಡೂ ನನಗೆ ಚೆನ್ನಾಗಿ ನೆನಪಿವೆ. ಮರೆತುಹೋಯಿತು ಎಂದು ಹೇಳಿಕೊಳ್ಳುವಂತಿಲ್ಲ.

ಮೊದಲು ಬಟ್ಟೆಯ ವಿಷಯ ಹೇಳಬೇಕು. ಅವ್ವ ಮದುವೆಗೆ ಮುಂಚೆ, ತನ್ನ ಅಪ್ಪನ ಮನೆಯಲ್ಲಿದ್ದಾಗ, ಮಂಚದ ಮೇಲೆ ಹಾಸುವ ಒಂದು ದೊಡ್ಡ ಬಟ್ಟೆಗೆ ಕಸೂತಿ ಹಾಕತೊಡಗಿದ್ದಳು. ಹಾಲಿನ ಕೆನೆಯ ಬಣ್ಣದ ದಪ್ಪ ಹತ್ತಿ ಬಟ್ಟೆ. ಅವಳ ಜೊತೆ ಹೊಲಿಗೆ ಕಲಿಯುತ್ತಿದ್ದ ಹುಡುಗಿಯರೆಲ್ಲ ಪುಸ್ತಕ ನೋಡಿ ಗುಲಾಬಿ ಹಾಕಿದರು, ಜೋಡಿ ಗಿಳಿ ಹಾಕಿದರು. ಅವ್ವ ತಮಿಳುನಾಡಿನ ಕಂಬಂ ಊರಿನ ಪಕ್ಕದ ತನ್ನ ಅಪ್ಪನ ತೋಟದಿಂದ ಒಂದು ದ್ರಾಕ್ಷಿ ಎಲೆಯನ್ನು ತಂದು, ಕಾಗದದ ಮೇಲಿಟ್ಟು, ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಳು. ಎಲೆಯಲ್ಲಿ ಹುಳ ತಿಂದ ತೂತೊಂದಿತ್ತು. ಅದನ್ನೂ ಬಿಡದೆ ಬರೆದುಕೊಂಡಳು. ಮೂಲೆಗೊಂದು ಗೊಂಚಲು, ಗೊಂಚಲಿಗೆ ನಲವತ್ತೊಂದು ಹಣ್ಣು, ಮೂರು ಎಲೆ. ಮೂರು ಮೂಲೆ ಮುಗಿದಾಗ ಮದುವೆ ಬಂತು. ನಾಲ್ಕನೆಯದು ಹಾಗೇ ಉಳಿಯಿತು. ಆಮೇಲೆ ನಾವು ಹುಟ್ಟಿದೆವು. ಬಟ್ಟೆ ಕಬ್ಬಿಣದ ಪೆಟ್ಟಿಗೆಯ ತಳಕ್ಕೆ ಹೋಯಿತು, ಒಣಗಿದ ಬೇವಿನೆಲೆಯ ನಡುವೆ.

ಚಿಕ್ಕಂದಿನಲ್ಲಿ ಅವ್ವ ನನಗೆ ಸೂಜಿ ಹಿಡಿಯುವುದನ್ನು ಕಲಿಸಿದಳು. ಮುಂದೆ ನಾನು ಮದುವೆಯಾಗಿ ಕಂಬಂ ಹತ್ತಿರದ ಗೂಡಲೂರಿಗೆ ಬಂದೆ. ಅಲ್ಲಿ ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತು ವರ್ಷಗಳಾದವು. ರವಿಕೆ, ಶಾಲೆಯ ಯೂನಿಫಾರ್ಮ್, ಸೀರೆಗೆ ಫಾಲ್ಸ್. ಕಸೂತಿ ಹಾಕುವ ಮಿಷಿನು ಕೂಡ ಇದೆ. ಗುಂಡಿ ಒತ್ತಿದರೆ ಕಾಲು ಗಂಟೆಯಲ್ಲಿ ನವಿಲು ಹಾಕಿ ಕೊಡುತ್ತದೆ.

ನನ್ನ ತಮ್ಮನ ಹೆಂಡತಿ ಅವ್ವನ ಅಣ್ಣನ ಮಗಳೇ. ನಮ್ಮವರಲ್ಲಿ ಹುಡುಗನಿಗೆ ಸೋದರಮಾವನ ಮಗಳನ್ನು ತರುವುದು ಹಕ್ಕು ಎಂದೇ ಲೆಕ್ಕ. ಅಲ್ಲಿ ಕೇಳದೆ ಬೇರೆ ಬಾಗಿಲು ತಟ್ಟಿದರೆ ಜಗಳವಾಗುತ್ತದೆ. ಹಾಗಾಗಿ ಅವಳು ಸೊಸೆಯಾಗಿ ಬಂದಾಗ ಹೊಸಬಳಾಗಿ ಬರಲಿಲ್ಲ. ಮಾತು ಬಂದ ದಿನದಿಂದ ಅವಳು ನನ್ನ ಅವ್ವನನ್ನು ಅತ್ತೆ ಎಂದೇ ಕರೆದವಳು. ಅವ್ವನ ಹುಟ್ಟಿದ ಮನೆಯ ಮೂಗು, ಹುಟ್ಟಿದ ಮನೆಯ ನಗು. ಆ ಮನೆಯಿಂದ ನಾನು ಹೊರಟ ವರ್ಷವೇ ಅವಳು ಬಂದಳು. ಅವ್ವ ನನ್ನನ್ನು ಕರೆಯುವಾಗ ಕೊನೆಯಲ್ಲಿ 'ಡೀ' ಎನ್ನುತ್ತಾಳೆ. ಅವಳನ್ನು ಮುದ್ದಿನಿಂದ 'ಕಣ್ಣು' ಎನ್ನುತ್ತಾಳೆ. ಇದನ್ನು ನಾನು ಎಂದೂ ಯಾರಿಗೂ ಹೇಳಿಕೊಂಡಿಲ್ಲ. ಆದರೆ ಪ್ರತಿ ಸಲವೂ ಕೇಳಿಸಿಕೊಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಅವಳು ಅವ್ವನ ಪೆಟ್ಟಿಗೆ ತೆಗೆದಳು. ಅದರಲ್ಲಿದ್ದ ಹಳೆಯ ರವಿಕೆಗಳ ಬುಗ್ಗೆ ತೋಳು, ಕುತ್ತಿಗೆಗೆ ಕೈಯಿಂದ ಹೆಣೆದ ಲೇಸು, ದಿಂಬಿನ ಚೀಲದ ಅಂಚು, ಇವನ್ನೆಲ್ಲ ನೋಡಿ ಅಂಥದ್ದನ್ನೇ ಹೊಸ ಬಟ್ಟೆಯ ಮೇಲೆ ಮಾಡಿ ಫೋಟೋ ಹಾಕಿದಳು. ಚೆನ್ನೈಯಿಂದ, ಕೊಯಮತ್ತೂರಿನಿಂದ ಹೆಂಗಸರು ಕೇಳತೊಡಗಿದರು. ಅದಕ್ಕೆ ಅವರು ವಿಂಟೇಜ್ ಅನ್ನುತ್ತಾರೆ. ನಮ್ಮ ಅಜ್ಜಿಯ ಕಾಲದ ಹಾಗೆ ಇರಬೇಕು, ಆದರೆ ಕಾಲೇಜಿಗೆ, ಆಫೀಸಿಗೆ ಹಾಕಿಕೊಳ್ಳುವ ಹಾಗೂ ಇರಬೇಕು ಅನ್ನುತ್ತಾರೆ. ಕೆಲವರು ತಾವೇ ಕಲಿಯಬೇಕು ಅಂದರು. ಅವಳು ವೀಡಿಯೋ ಮಾಡತೊಡಗಿದಳು. ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ. ಹೊಲಿಯುವ ಅವಳ ಕೈ, ಪಕ್ಕದಲ್ಲಿ ತೋರಿಸಿಕೊಡುವ ಅವ್ವನ ಕೈ, ಇಷ್ಟೇ. ಅವ್ವನಿಗೆ ಈಗ ಕೈ ನಡುಗುತ್ತದೆ, ಸೂಜಿ ನಿಲ್ಲುವುದಿಲ್ಲ. ಆದರೂ ಬೆರಳಿಟ್ಟು ಇಲ್ಲಿ ಚುಚ್ಚು, ಇಲ್ಲಿ ತೆಗೆ ಎಂದು ಹೇಳುತ್ತಾಳೆ.

ನನ್ನ ಅಂಗಡಿಗೆ ಬರುವವರು ಆ ವೀಡಿಯೋಗಳನ್ನು ನನಗೇ ತೋರಿಸಿ, ಇದು ನಿಮ್ಮ ಅಮ್ಮನ ಕೈಯಂತೆ, ಹೌದಾ ಎಂದು ಕೇಳುತ್ತಿದ್ದರು. ನಾನು ಹೌದು ಎಂದು ಅಳತೆ ಟೇಪು ಎತ್ತಿಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಮಿಷಿನು ನಿಲ್ಲಿಸಿ ಒಬ್ಬಳೇ ನೋಡುತ್ತಿದ್ದೆ. ಒಂದು ವೀಡಿಯೋದ ನಡುವೆ ಅವ್ವ ನಗುತ್ತಾಳೆ. ಯಾಕೆ ನಕ್ಕಳು ಎಂದು ತಿಳಿಯುವುದಿಲ್ಲ, ಸದ್ದು ಮಾತ್ರ. ಅದನ್ನು ಹಿಂದಕ್ಕೆ ಎಳೆದು ಎಳೆದು ಕೇಳಿದೆ. ನನ್ನ ಜೊತೆ ಇರುವಾಗ ಅವಳು ಹಾಗೆ ನಕ್ಕದ್ದು ಯಾವಾಗ ಎಂದು ಯೋಚಿಸಿದೆ. ನೆನಪಾಗಲಿಲ್ಲ.

ನಾಲ್ಕನೆಯ ಮೂಲೆಯನ್ನು ನಾನು ಹಾಕಿ ಮುಗಿಸುತ್ತೇನೆ ಎಂದು ಅವ್ವನನ್ನು ಎರಡು ಸಲ ಕೇಳಿದ್ದೆ. ಮೊದಲ ಸಲ, ನೋಡೋಣ ಅಂದಳು. ಎರಡನೆಯ ಸಲ ಕೇಳಿದಾಗ ಅವಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ನಿಂದು ಮಿಷಿನು ಕೈ ಆಗೋಯ್ತು ಡೀ. ಓಡುತ್ತೆ. ಇದ್ಕೆ ನಿಲ್ಲೋ ಕೈ ಬೇಕು."

ಒಲೆಯ ಹತ್ತಿರ ನಿಂತಿದ್ದ ತಮ್ಮನ ಹೆಂಡತಿ, ಅತ್ತಿಗೆಯೇ ಮಾಡಲಿ ಅತ್ತೆ, ಅವರಿಗೂ ಬರುತ್ತದಲ್ಲ ಎಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅವ್ವ ಬೈದಿದ್ದಕ್ಕಿಂತ ಹೆಚ್ಚಾಗಿ ನನಗೆ ಚುಚ್ಚಿದ್ದು ಅದು. ನನ್ನ ಅವ್ವನ ಬಟ್ಟೆಯನ್ನು ಅವಳು ನನಗೆ ಬಿಟ್ಟುಕೊಡುತ್ತಿದ್ದಳು.

ಕೊನೆಗೆ ಅವ್ವ ಆ ಮೂಲೆಯನ್ನು ಅವಳಿಗೇ ಕೊಟ್ಟಳು. ಅವಳು ಅದಕ್ಕೆ ಕೈ ಹಾಕುವ ಮೊದಲು ನೂಲಿನ ತೊಂದರೆ ಬಂತು. ಈಗಿನ ನೂಲಿನಲ್ಲಿ ಆ ಬಣ್ಣ ಸಿಗುತ್ತಿರಲಿಲ್ಲ. ಸಿಕ್ಕಿದ್ದೆಲ್ಲ ಹೊಳೆಯುತ್ತಿತ್ತು. ಅವ್ವನ ದ್ರಾಕ್ಷಿಗೆ ಹೊಳಪಿಲ್ಲ, ಮೇಲೆ ಬೂದಿ ಕೂತ ಹಣ್ಣಿನ ಹಾಗೆ ಇದೆ. ನನ್ನ ಗಂಡನ ತಂಗಿ ಬೋಡಿಯಲ್ಲಿದ್ದಾಳೆ, ನಾನು ಆಗಾಗ ಹೋಗುತ್ತೇನೆ. ಅಲ್ಲಿ ಏಲಕ್ಕಿ ಮಂಡಿಗಳ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಫ್ಯಾನ್ಸಿ ಅಂಗಡಿ ಇದೆ. ಅಲ್ಲಿ ನೋಡಿಕೊಂಡು ಬಾ ಅತ್ತಿಗೆ ಎಂದು ತಮ್ಮನ ಹೆಂಡತಿ ಮೊದಲನೆಯ ಮೂಲೆಯ ಹಿಂಭಾಗದಿಂದ ಒಂದಿಂಚು ನೂಲು ಕತ್ತರಿಸಿ ಕಾಗದದಲ್ಲಿ ಮಡಿಸಿ ಕೊಟ್ಟಳು.

ಅಂಗಡಿಯವರು ಏಣಿ ಹತ್ತಿ ಮೇಲಿನ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದರು. ಲಡಿಗಳಿಗೆ ಸುತ್ತಿದ ಚೀಟಿಯ ಬಣ್ಣ ಹೋಗಿತ್ತು, ನೂಲಿನ ಬಣ್ಣ ಹೋಗಿರಲಿಲ್ಲ. ತಂದಿದ್ದ ತುಂಡನ್ನು ಅದರ ಮೇಲಿಟ್ಟಾಗ ಯಾವುದು ಯಾವುದು ಎಂದು ತಿಳಿಯದಷ್ಟು ಹೊಂದಿತು. ಹಳೆಯ ಸರಕು ಅಮ್ಮ, ಬಣ್ಣ ಬಿಡುತ್ತದೆ, ಉಪ್ಪುನೀರಲ್ಲಿ ನೆನೆಸಿ ನೆನೆಸಿ ನೀರು ತಿಳಿಯಾದ ಮೇಲೆ ಹೊಲಿಯಿರಿ ಎಂದು ಅವರು ತಮಿಳಿನಲ್ಲಿ ಹೇಳಿದರು. ನನಗೆ ಗೊತ್ತು, ನಮ್ಮವ್ವ ಹೇಳಿಕೊಟ್ಟಿದ್ದಾಳೆ ಎಂದು ನಾನು ಹೇಳಿದೆ.

ಅದು ನಿಜ. ನನಗೆ ಹತ್ತು ವರ್ಷವಿರಬಹುದು. ಕೆಂಪು ನೂಲಿನಲ್ಲಿ ಕರ್ಚೀಫಿಗೆ ಹೂ ಹಾಕಬೇಕೆಂದು ಹಟ ಮಾಡಿದ್ದೆ. ಅವ್ವ ಹಿತ್ತಿಲಲ್ಲಿ ಬೋಗುಣಿಗೆ ಬಿಸಿನೀರು ಸುರಿದು, ಒಂದು ಹಿಡಿ ಕಲ್ಲುಪ್ಪು ಹಾಕಿ, ಲಡಿಯನ್ನು ಅದರಲ್ಲಿ ಮುಳುಗಿಸಿದಳು. ನೀರು ಕೆಂಪಾಯಿತು. ಚೆಲ್ಲಿ ಮತ್ತೆ ಸುರಿದಳು. ಬಣ್ಣದ ನೂಲನ್ನು ನಂಬಬೇಡ, ನೀರಿಗೆ ಹಾಕಿ ಕೇಳು ಅಂದಳು. ಆಗ ಹಿತ್ತಿಲಲ್ಲಿ ನಾವಿಬ್ಬರೇ ಇದ್ದೆವು. ತಮ್ಮನ ಹೆಂಡತಿಯ ಅಷ್ಟೂ ವೀಡಿಯೋಗಳಲ್ಲಿ ಅವ್ವ ಇದೊಂದನ್ನು ಹೇಳುತ್ತಾಳೋ ಎಂದು ನಾನು ಕಾದು ನೋಡಿದ್ದೆ. ಹೇಳಲಿಲ್ಲ. ಉಳಿದದ್ದೆಲ್ಲ ಅವಳಿಗೆ ಹೋಯಿತು, ಇದು ನನ್ನಲ್ಲಿದೆ ಎಂದು ನನ್ನೊಳಗೆ ನಾನು ಎಣಿಸಿಕೊಂಡಿದ್ದೆ.

ಆದರೂ ಬೋಡಿಯಿಂದ ಬಸ್ಸಿನಲ್ಲಿ ಬರುವಾಗ ಹೇಳಬೇಕೆಂದೇ ಇದ್ದೆ. ಕಂಬಂನಲ್ಲಿ ಇಳಿದು ಅವ್ವನ ಮನೆಗೆ ಹೋದೆ. ಬಾಗಿಲಲ್ಲಿ ನಿಂತಾಗ ಕಂಡದ್ದು ಇಷ್ಟು. ತಮ್ಮನ ಹೆಂಡತಿ ನೆಲದ ಮೇಲೆ ಕೂತಿದ್ದಳು. ಅವ್ವ ಕುರ್ಚಿಯಲ್ಲಿ ಕೂತು ಅವಳ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಬಿಸಿ ಮಾಡಿದ ಎಣ್ಣೆಯನ್ನು ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ತಿಕ್ಕುತ್ತಿದ್ದಳು. ಹೊಲಿದು ಹೊಲಿದು ಕೈ ನೋವಂತೆ. ಅವ್ವನ ಕೈ ನಡುಗುತ್ತಿತ್ತು, ಆದರೂ ತಿಕ್ಕುತ್ತಿದ್ದಳು. ಇಪ್ಪತ್ತು ವರ್ಷ ಕತ್ತರಿ ಹಿಡಿದ ನನ್ನ ಹೆಬ್ಬೆರಳಿನ ಬುಡದಲ್ಲಿ ಒಂದು ಗಂಟಿದೆ. ಅದನ್ನು ಅವ್ವ ನೋಡಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು, ನೂಲು ಅಲ್ಲಿದೆ ಎಂದು ಹೇಳಿ, ಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ಒಳಗೆ ಅವಳು ಅವ್ವನನ್ನು ಏನೋ ಕೇಳಿದಳು. ಅವ್ವ ಏನೋ ಹೇಳಿದಳು. ನಲ್ಲಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಮಂಗಳವಾರ ನಮ್ಮ ಕಡೆ ಹೊಸ ಬಟ್ಟೆ ಹೊಲಿಯಲು ಯಾರೂ ಕೊಡುವುದಿಲ್ಲ. ಅಂದು ಅಂಗಡಿ ಮುಚ್ಚಿ ಕಂಬಂಗೆ ಹೋಗತೊಡಗಿದೆ. ಮುಂಚೆ ತಿಂಗಳಿಗೊಮ್ಮೆ ಹೋಗುತ್ತಿದ್ದವಳು ವಾರಕ್ಕೊಮ್ಮೆ ಹೋದೆ. ಅವ್ವನಿಗೆ ಸಂತೋಷವಾಯಿತು. ಮೊದಲ ಮಂಗಳವಾರ ನಾಲ್ಕು ಹಣ್ಣು ಮುಗಿದಿದ್ದವು. ಅಂದು ಹೇಳಿದ್ದರೆ ನಾಲ್ಕು ಹಣ್ಣು ಬಿಚ್ಚಿದರೆ ಆಗುತ್ತಿತ್ತು. ಎರಡನೆಯ ವಾರ ಹನ್ನೊಂದು. ಮೂರನೆಯ ವಾರ ಹತ್ತೊಂಬತ್ತು. ಅವಳು ಮೊದಲು ಹಣ್ಣಿನ ಒಳಗೆ ಸಣ್ಣ ಸರಪಳಿ ಹೊಲಿಗೆ ತುಂಬಿ, ಅದರ ಮೇಲೆ ಒಂದರ ಪಕ್ಕ ಒಂದು ಎಳೆ ಎಳೆದು ಮುಚ್ಚುತ್ತಿದ್ದಳು. ಹಾಗಾಗಿ ಪ್ರತಿ ಹಣ್ಣೂ ಉಬ್ಬಿ ನಿಲ್ಲುತ್ತಿತ್ತು. ಒಂದು ಹಣ್ಣಿಗೆ ಒಂದು ಗಂಟೆ. ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಾ ಕೂತು ತಪ್ಪು ಹುಡುಕಿದೆ. ಸಿಗಲಿಲ್ಲ. ಅವಳ ಕೈ ನಿಜವಾಗಿಯೂ ನಿಲ್ಲುವ ಕೈ.

ನೀರಿಗೆ ಬಿದ್ದರೆ ಬಣ್ಣ ಬಿಡುತ್ತದೆ ಎಂದು ನನಗೆ ಖಂಡಿತ ಗೊತ್ತಿತ್ತೇ? ಇಷ್ಟು ವರ್ಷ ಅಟ್ಟದಲ್ಲಿದ್ದ ನೂಲು, ಬಿಡದೆಯೂ ಇರಬಹುದು ಎಂದು ಅಂದುಕೊಳ್ಳುತ್ತಿದ್ದೆ. ಬಿಟ್ಟರೆ ಬಿಡಲಿ, ಅವಳ ಮೂಲೆ ತಾನೆ, ಎಂದೂ ಅಂದುಕೊಂಡೆ. ಅವಳ ಮೂಲೆ, ಅವ್ವನ ಮೂಲೆ ಎಂದು ನನ್ನ ಮನಸ್ಸು ಗೆರೆ ಹಾಕಿಕೊಂಡಿತ್ತು. ಬಟ್ಟೆ ಒಂದೇ ಎಂಬುದು, ಬಟ್ಟೆಯಲ್ಲೇ ಬದುಕುವ ನನಗೆ ಹೊಳೆಯಲಿಲ್ಲ.

ಏಳನೆಯ ಮಂಗಳವಾರ ತೊಳೆಯುವ ದಿನ. ಗೊಂಚಲಿನ ಚಿತ್ರವನ್ನು ಬಟ್ಟೆಗೆ ಇಳಿಸಲು ಸೂಜಿಯಿಂದ ತೂತು ಮಾಡಿದ ಕಾಗದದ ಮೇಲೆ ನೀಲಿ ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ ಒರೆಸುತ್ತಾರೆ. ಕೆಲಸ ಮುಗಿದ ಮೇಲೆ ಆ ನೀಲಿಯೂ ಕೈಯ ಕೊಳೆಯೂ ಹೋಗಬೇಕು. ಅವಳು ಹಿತ್ತಿಲಲ್ಲಿ ದೊಡ್ಡ ಟಬ್ಬಿಗೆ ನೀರು ತುಂಬಿ, ಅಂಟುವಾಳದ ಕಾಯಿ ನೆನೆಸಿದ ನೀರು ಬೆರೆಸಿ, ಫೋನನ್ನು ಒಗೆಯುವ ಕಲ್ಲಿಗೆ ಒರಗಿಸಿ ಇಟ್ಟಳು. ಅವ್ವ ಕುರ್ಚಿ ಹಾಕಿಸಿಕೊಂಡು ಕೂತಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಬಟ್ಟೆ ಮುಳುಗಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಊದುಬತ್ತಿಯ ಹೊಗೆಯಷ್ಟು ಸಣ್ಣದಾಗಿ ಒಂದು ಎಳೆ ಬಣ್ಣ ನೀರಿನಲ್ಲಿ ಮೇಲೆದ್ದಿತು. ಅವಳು ಅದನ್ನು ನೋಡಿ ಕೈಯಿಂದ ನೀರು ಕಲಕಿದಳು. ಕಲಕಿದ್ದೇ ನೀರೆಲ್ಲ ಹಿಂಡಿದ ದ್ರಾಕ್ಷಿಯ ರಸದಂತಾಯಿತು. ಅವಳು "ಅತ್ತೆ" ಎಂದಳು, ಅಷ್ಟೇ. ಬಟ್ಟೆಯನ್ನು ಎತ್ತಿದಳು. ಗೊಂಚಲಿನ ಸುತ್ತ ಒಂದು ಗೇಣು ಅಗಲಕ್ಕೆ ನೇರಳೆ ಹಬ್ಬಿತ್ತು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದ್ದಳು. ಅವ್ವನ ಮೊದಲ ಮೂಲೆ, ಹುಳ ತಿಂದ ಎಲೆಯಿರುವ ಮೂಲೆ, ಅದರ ಕೆಳಗೇ ಇತ್ತು. ಅಲ್ಲಿಗೂ ಬಣ್ಣ ಇಳಿದಿತ್ತು.

ಅವಳು ಫೋನನ್ನು ಮಗುಚಿ ಹಾಕಿದಳು. ಬಟ್ಟೆ ಹಿಂಡಿ ಬಿಸಿಲಿನ ಹಗ್ಗದ ಕಡೆ ಓಡಿದಳು. ಬಿಸಿಲಿಗೆ ಬಣ್ಣ ಹೋಗುತ್ತದೆ ಎಂದುಕೊಂಡಿರಬೇಕು. ಒಂದು ಸಲ ಒಣಗಿದರೆ ಆ ಕಲೆ ಅಲ್ಲೇ ಕೂತುಬಿಡುತ್ತದೆ, ಮತ್ತೆ ಯಾವ ನೀರಿಗೂ ಹೋಗುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿದರೆ ಉಳಿದದ್ದೂ ಗೊತ್ತಿತ್ತು ಎಂದು ತಿಳಿದುಹೋಗುತ್ತದೆ ಎಂಬುದೂ ಗೊತ್ತಿತ್ತು. ಅವಳು ಹಗ್ಗದ ಮೇಲೆ ಬಟ್ಟೆಯ ಒಂದು ಅಂಚನ್ನು ಹಾಕುವವರೆಗೆ ನಾನು ಸುಮ್ಮನಿದ್ದೆ.

"ಒಣಗಿಸ್ಬೇಡ," ಎಂದೆ. "ಒಣಗಿದ್ರೆ ನಿಂತೋಗುತ್ತೆ. ತಣ್ಣೀರಿಗೆ ಹಾಕು. ನೀರು ಬದಲಾಯಿಸ್ತಾನೇ ಇರು."

ಅವಳು ಹಗ್ಗದ ಹತ್ತಿರವೇ ನಿಂತು ನನ್ನನ್ನು ನೋಡಿದಳು. "ಅತ್ತಿಗೆ, ನೆನೆಸಿ ತಾನೆ ತಂದಿದ್ದು?"

ನಾನು ಉತ್ತರ ಕೊಡುವ ಮೊದಲೇ ಅವ್ವ ಮಾತಾಡಿದಳು. ನೆನೆಸದೆ ಇವಳು ತರುವುದಿಲ್ಲ, ಇವಳಿಗೆ ನಾನೇ ಹೇಳಿಕೊಟ್ಟದ್ದು, ಬೇರೇನೋ ಆಗಿದೆ, ಅಂಟುವಾಳದ ನೀರು ಹೆಚ್ಚಾಯಿತೇನೋ ಎಂದಳು.

"ನಾ ಅವತ್ತೇ ಕೇಳ್ದೆ ಅತ್ತೆ, ನೆನೆಸ್ಬೇಕಾ ಅಂತ," ಎಂದಳು ಅವಳು. "ನನ್ನ ಮಗ್ಳು ತಂದ ನೂಲು, ನೆನೆಸೋ ಕೆಲ್ಸ ಇಲ್ಲ ಅಂದ್ರಿ."

ಹಾಗಾದರೆ ಅದನ್ನೂ ಅವ್ವ ಅವಳಿಗೆ ಎಂದೋ ಹೇಳಿಕೊಟ್ಟಿದ್ದಳು. ನನ್ನೊಬ್ಬಳದೇ ಎಂದು ನಾನು ಬಚ್ಚಿಟ್ಟುಕೊಂಡದ್ದು ನನ್ನದಾಗಿ ಉಳಿದಿರಲಿಲ್ಲ. ನಾನು ಕಾಲು ತೊಳೆಯುತ್ತಿದ್ದಾಗ ಒಳಗೆ ನಡೆದ ಮಾತು ಅದು. ನನ್ನ ಹೆಸರಿನ ಮೇಲೆ ಅವ್ವ ಆ ನೂಲನ್ನು ಒಪ್ಪಿಕೊಂಡಿದ್ದಳು, ನೋಡದೆ.

"ನೆನೆಸ್ಲಿಲ್ಲ," ಎಂದೆ.

ಅವ್ವ ನನ್ನ ಕಡೆ ತಿರುಗಿದಳು. "ಮರ್ತೋಯ್ತಾ ಡೀ?" ಎಂದು ಕೇಳಿದಳು. ಮೆಲ್ಲಗೆ ಕೇಳಿದಳು. ಹೌದು ಎಂದರೆ ಸಾಕಿತ್ತು, ಅದನ್ನು ಅವಳು ನಂಬಲು ಸಿದ್ಧಳಿದ್ದಳು.

"ಇಲ್ಲವ್ವ."

ತಮ್ಮನ ಹೆಂಡತಿ ಬಟ್ಟೆಯನ್ನು ಹಗ್ಗದಿಂದ ತೆಗೆದು ಟಬ್ಬಿಗೆ ಹಾಕಿದಳು. ನಾನು ನೀರು ಚೆಲ್ಲಿದೆ, ತುಂಬಿದೆ. ಬಟ್ಟೆಯ ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ಹನ್ನೊಂದು ಟಬ್ಬು ನೀರಾದ ಮೇಲೆ ನೀರು ತಿಳಿಯಾಯಿತು. ಅವ್ವನ ಮೂಲೆಯಲ್ಲಿ ಮಸುಕಾದ ಒಂದು ಮೋಡದಷ್ಟು ಉಳಿಯಿತು, ಗೊತ್ತಿದ್ದು ನೋಡಿದರೆ ಕಾಣುತ್ತದೆ. ನಾಲ್ಕನೆಯ ಮೂಲೆಯಲ್ಲಿ ಗೊಂಚಲಿನ ಸುತ್ತ ಇನ್ನೂ ನೇರಳೆ ಇತ್ತು. ಒದ್ದೆಯಾದಾಗಲೆಲ್ಲ ಆ ನೂಲು ಇನ್ನಷ್ಟು ಬಿಡುತ್ತಿತ್ತು. ಅದು ಅಲ್ಲಿರುವವರೆಗೆ ಕಲೆ ಹೋಗುವಂತಿರಲಿಲ್ಲ.

ಅವಳು ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡಳು. ನನ್ನನ್ನು ನೋಡದೆ ಹೇಳಿದಳು.

"ಅಷ್ಟು ಮಂಗಳ್ವಾರ ಪಕ್ಕದಲ್ಲೇ ಕೂತಿದ್ದೆಯಲ್ಲ ಅತ್ತಿಗೆ. ಚೆಂದಾಗಿದೆ ಅಂತ ಯೇಳ್ತಿದ್ದೆ."

ಚೆಂದವಾಗಿದೆ ಎಂದು ನಾನು ಹೇಳಿದ್ದು ಸುಳ್ಳಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಅವ್ವ ಕುರ್ಚಿಯಿಂದ ಎದ್ದು ಬಂದು ಒದ್ದೆ ಬಟ್ಟೆಯನ್ನು ಮುಟ್ಟಿದಳು. ಮೊದಲು ತನ್ನ ಮೂಲೆ, ಆಮೇಲೆ ಅವಳ ಮೂಲೆ. ನನ್ನ ಕೈಗೆ ಕೊಟ್ಟಳು.

"ನಾಲ್ಕನೇ ಮೂಲೆ ಬೇಕು ಅಂದೆಯಲ್ಲ ಡೀ. ತಗೊ. ಬಿಚ್ಚು."

ಬಟ್ಟೆಯನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಗೂಡಲೂರಿಗೆ ಬಂದೆ. ಮೂಲೆಯನ್ನು ಒಣಗಲು ಬಿಡದೆ, ಒದ್ದೆ ಬಟ್ಟೆ ಹೊದಿಸಿಟ್ಟು, ಹಗಲೆಲ್ಲ ಅಂಗಡಿ ಮುಚ್ಚಿ ಕೂತೆ. ಮೂರು ದಿನ ಹಿಡಿಯಿತು. ಬಿಚ್ಚುವವರು ಹಿಂಭಾಗದಿಂದ ಬಿಚ್ಚಬೇಕು. ಹೊಲಿಗೆಯ ಹಿಂಭಾಗವನ್ನು ಹೊಲಿದವರನ್ನು ಬಿಟ್ಟು ಯಾರೂ ನೋಡುವುದಿಲ್ಲ. ಅಲ್ಲಿ ಒಂದೂ ಗಂಟಿರಲಿಲ್ಲ. ಎಳೆ ಮುಗಿದಾಗಲೆಲ್ಲ ತುದಿಯನ್ನು ಹಣ್ಣಿನ ಅಡಿಗೆ ಮೂರು ಸಲ ನುಸುಳಿಸಿ ಕತ್ತರಿಸಿದ್ದಳು. ಬಟ್ಟೆಯನ್ನು ಮಗುಚಿ ಅವ್ವನ ಮೂಲೆಯ ಹಿಂಭಾಗ ನೋಡಿದೆ. ಅಲ್ಲಿಯೂ ಹಾಗೆಯೇ, ಮೂರು ಸಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಯಾರು ಯಾವುದನ್ನು ಹೊಲಿದರು ಎಂದು ಹೇಳಲಾಗುವುದಿಲ್ಲ. ನನಗೂ ಅವ್ವ ಇದನ್ನು ಕಲಿಸಿದ್ದಳು. ನಾನು ಗಂಟು ಹಾಕುತ್ತೇನೆ, ಬೇಗ ಆಗುತ್ತದೆ.

ಒಂದೊಂದು ಎಳೆಯನ್ನೂ ಕತ್ತರಿಸಿ ಚಿಮಟದಿಂದ ಎಳೆಯುವಾಗ ಅವಳ ಮೇಲಿನ ಹೊಟ್ಟೆಕಿಚ್ಚು ಕಡಿಮೆಯಾಗಬಹುದು ಎಂದುಕೊಂಡಿದ್ದೆ. ಹೆಚ್ಚೇ ಆಯಿತು. ಅವಳ ಕೆಲಸವನ್ನು ಅಷ್ಟು ಹತ್ತಿರದಿಂದ ನಾನು ಅದುವರೆಗೆ ನೋಡಿರಲಿಲ್ಲ. ಎಲೆಗಳ ಹಸಿರು ಬಣ್ಣ ಬಿಟ್ಟಿರಲಿಲ್ಲ, ಅವನ್ನು ಮುಟ್ಟಲಿಲ್ಲ. ನಲವತ್ತೊಂದು ಹಣ್ಣೂ ಹೋದ ಮೇಲೆ ಮತ್ತೆ ಮತ್ತೆ ನೀರಿನಲ್ಲಿ ಜಾಲಾಡಿದೆ. ಕಲೆ ಬಹುಮಟ್ಟಿಗೆ ಹೋಯಿತು. ಗೊಂಚಲಿದ್ದ ಜಾಗದಲ್ಲಿ ಮಸುಕು ಬಣ್ಣವೂ ಸೂಜಿಯ ತೂತುಗಳೂ ಉಳಿದವು.

ಬೋಡಿಗೆ ಹೋಗಿ ಆ ಅಂಗಡಿಯ ಪೆಟ್ಟಿಗೆಯಲ್ಲಿ ಉಳಿದಿದ್ದ ಲಡಿಗಳನ್ನು ತಂದು, ನೀರು ತಿಳಿಯಾಗುವವರೆಗೆ ನೆನೆಸಿದೆ. ಬಟ್ಟೆಗೆ ಇಸ್ತ್ರಿ ಹಾಕಿದೆ. ಮುಂದಿನ ಮಂಗಳವಾರ ಎರಡನ್ನೂ ತೆಗೆದುಕೊಂಡು ಹೋದೆ. ಅವ್ವ ಬಾ ಎಂದಳು, ಊಟವಾಯಿತಾ ಎಂದು ಕೇಳಿದಳು. ತಮ್ಮನ ಹೆಂಡತಿ ನೂಲಿನ ಪೊಟ್ಟಣ ಬಿಚ್ಚಿದಳು. ಒಳಗೆ ಹೋಗಿ ಬೋಗುಣಿಯಲ್ಲಿ ನೀರು ತಂದು, ನನ್ನ ಎದುರಿಗೇ, ಲಡಿಗಳನ್ನು ಒಂದೊಂದಾಗಿ ಅದರಲ್ಲಿ ಮುಳುಗಿಸಿ ಕಾದಳು. ಅವ್ವನೂ ಬಗ್ಗಿ ನೋಡಿದಳು. ನೀರು ತಿಳಿಯಾಗಿಯೇ ಇತ್ತು. ಅವಳು ಅದನ್ನು ಚೆಲ್ಲಿ ಮತ್ತೊಂದು ನೀರು ತಂದಳು. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ.

ನೂಲು ಒಣಗಿದ ಮೇಲೆ, ಮಧ್ಯಾಹ್ನ, ಅವಳು ಬಟ್ಟೆಯನ್ನು ಕಸೂತಿಯ ರಿಂಗಿಗೆ ಬಿಗಿದು ಕಿಟಕಿಯ ಹತ್ತಿರ ಕೂತಳು. ಅವ್ವ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆಸಿಕೊಂಡಳು. ನಾನು ರೂಢಿಯಂತೆ ಅವಳ ಇನ್ನೊಂದು ಪಕ್ಕದಲ್ಲಿ ಕೂತೆ. ಅವಳು ಸೂಜಿಗೆ ನೂಲು ಪೋಣಿಸಿ, ಬಟ್ಟೆಯ ಮೇಲೆ ಹಿಡಿದು, ನಿಲ್ಲಿಸಿದಳು.

"ಬೆಳಕಿಗೆ ಅಡ್ಡ ಆಗುತ್ತೆ ಅತ್ತಿಗೆ," ಎಂದಳು. "ಆ ಕಡೆ ಕೂತ್ಕೊ."

ನಾನು ಎದ್ದು ಬಾಗಿಲ ಹತ್ತಿರ ಹೋಗಿ ಕೂತೆ. ಅಲ್ಲಿಂದ ಅವಳ ಕೈ ಕಾಣುವುದಿಲ್ಲ. ಅವ್ವ ಬಗ್ಗಿ ಬೆರಳಿಟ್ಟು ತೋರಿಸುತ್ತಿದ್ದದ್ದು ಕಾಣುತ್ತಿತ್ತು.